ಬಾಯಿ ತೆರೆದ ನಾಲ್ಕು

ಹೈದರಾಬಾದಿನ ಪಾರ್ಟಿ ಕೇಳಿದ್ದು ಒಂದೇ:
ಚೇಸಿ ಅಸಲಿ ಹೌದೋ ಅಲ್ಲೋ?
ಎಂಜಿನ್ನು ಯಾರಾದರೂ ಹೊಂದಿಸಿಕೊಡುತ್ತಾರೆ,
ಟ್ಯಾಂಕು, ದೀಪ, ಸೀಟಿನ ಗುಂಡಿ ಕೂಡ
ಚೀಲ ಹಿಡಿದು ಹೋದರೆ ಸಿಗುತ್ತವೆ.
ಎಲುಬು ಹೇಳು, ಅಂದ. ದುಡ್ಡು ಎಲುಬಿಗೆ.

ಅದಕ್ಕೇ ಯೆಜ್ದಿಯನ್ನು ತಳ್ಳಿಕೊಂಡು
ಮಂಗಲಪೇಟೆಗೆ ಹೋದೆ.
ತಿಮೋತಿ ಮಿಸ್ತ್ರಿ ಬಿಳಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ
ಬನಿಯನ್ನಿನಲ್ಲೇ ಹೊರಗೆ ಬಂದರು.
ಎರಡೂ ಕಣ್ಣಿಗೆ ಪೊರೆ.
ಈಗ ನೋಡುವುದೆಲ್ಲ ಹೆಬ್ಬೆರಳು.

ಸ್ಪ್ಯಾನರಿನಿಂದ ಕೊಳವೆಗೆ ಒಂದು ಬಡಿದು
ಕಿವಿ ಹಚ್ಚುವಷ್ಟರಲ್ಲಿ
ನೆತ್ತಿಯ ಮೇಲೆ ತರಬೇತಿ ವಿಮಾನ.
'ತಡಿ, ಹುಡುಗರು ಹೋಗ್ಲಿ' ಎಂದು
ಎತ್ತಿದ ಕೈ ಎತ್ತಿಕೊಂಡೇ ನಿಂತರು.
ಆಮೇಲೆ ಎರಡನೇ ಪೆಟ್ಟು. ಏನೂ ಹೇಳಲಿಲ್ಲ.

ಎಮರಿ ಕಾಗದದ ತುಂಡು ನನ್ನ ಕೈಗೆ ಕೊಟ್ಟರು.
ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ
ಯಾವುದೋ ಕಚೇರಿಯ ಕಿಟಕಿಯ ಹಸಿರು,
ಅದರ ಕೆಳಗೆ, ಉಗುರಿನಷ್ಟು ಜಾಗದಲ್ಲಿ,
ನಮ್ಮೂರ ಮಣ್ಣಿನದೇ ಬಣ್ಣ.
'ಕೆಮ್ಮಣ್ಣಿನಂಗ ಅದ ಏನು? ಹಂಗಾದ್ರ ನಿಂದ್ರು.'

ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಮೇಲೆ ಅಂಕಿಗಳು.
ಹೆಬ್ಬೆರಳು ಒಂದೊಂದನ್ನೂ ಮಾತಾಡಿಸಿತು.
'ಫ್ಯಾಕ್ಟ್ರಿಯವ ಸಂಬಳಕ್ಕ ಬಡೀತಾನ,
ಸಾಲು ಜರಾ ಏರಿಳೀತದ.
ಕಳ್ಳ ಹೆದರಿ ಬಡೀತಾನ, ಅದಕ್ಕ ನೆಟ್ಟಗಿರ್ತದ.
ಈ ನಾಕು ನೋಡು, ಬಾಯಿ ತೆರದದ.
ಬಜಾರದ ನಾಕು ಬಾಯಿ ಮುಚ್ಚಿರ್ತದ.'
ಅರ ಹಾಕಿ ಅಳಿಸಿದರೂ ಪೆಟ್ಟು ಒಳಗಿಳಿದಿರುತ್ತದಂತೆ,
ತೇಜಾಬು ಸವರಿದರೆ ಎದ್ದು ಬರುತ್ತದಂತೆ.
ನಾನು ಮನಸ್ಸಿನಲ್ಲೇ ನೋಟು ಎಣಿಸುತ್ತಿದ್ದೆ.

ಸೀಟಿನ ಕೆಳಗೆ ಹೋದ ಬೆರಳು ನಿಂತುಬಿಟ್ಟಿತು.
ಹೊರಗೆ ತೆಗೆದು, ನಾಲಗೆಗೆ ಹಚ್ಚಿ, ಮತ್ತೆ ಒಳಗೆ.
'ಇದು ಗುಂಡೇರಾವ ಕಂಪೌಂಡರಂದು.'

ಜನವಾಡದ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು
ಹಿಂದಿನ ಕೊಳವೆ ಮುರಿದಿತ್ತಂತೆ.
ಹಗ್ಗ ಕಟ್ಟಿ ರಾತ್ರಿ ತಳ್ಳಿಕೊಂಡು ಬಂದನಂತೆ,
ಹೆಗಲಲ್ಲಿ ಐಸಿನ ಡಬ್ಬಿ, ಅದರೊಳಗೆ ಹಾವಿನ ಇಂಜೆಕ್ಷನ್ನು,
ಬೆಳಗಾಗುವುದರೊಳಗೆ ಔರಾದಿಗೆ ಮುಟ್ಟಬೇಕು.
ಗುಜರಿಯಲ್ಲಿದ್ದ ಇನ್ನೊಂದರ ಬಾಲ ಕೊಯ್ದು
ಇದಕ್ಕೆ ಬೆಸೆದರಂತೆ.
'ಕರೆಂಟು ಮೂರು ಸಲ ಹೋತು.
ಮೂರು ಗಂಟು ಅವ. ಎಣಸು.'

ಒಂದು. ಎರಡು.
ಮೂರನೆಯದನ್ನು ಹುಡುಕಬೇಕಾಯಿತು.

'ಹಂಗಾದ್ರ ನಕಲಿ?' ಅಂದೆ.
'ನಾ ನಕಲಿ ಏನಲೇ?'
ಪೊರೆಗಣ್ಣು ನನ್ನ ಕಡೆಗಲ್ಲ, ಬೇವಿನ ಗಿಡದ ಕಡೆಗೆ ಸಿಟ್ಟಾಯಿತು.
'ಮುಂದಿಂದು ಮೈಸೂರಿಂದು.
ಹಿಂದಿಂದು ಮಂಗಲಪೇಟೆದು. ಹಂಗೇ ಬರಕೋ.'

ಚೀಲದಲ್ಲಿ ಗ್ರೈಂಡರ್ ಇತ್ತು. ಸುಳ್ಳು ಯಾಕೆ ಹೇಳಲಿ?
ಐದು ನಿಮಿಷದ ಕೆಲಸ,
ಮೇಲೊಂದಿಷ್ಟು ಪುಟ್ಟಿ, ಅದರ ಮೇಲೆ ಕಪ್ಪು.
ಪಾರ್ಟಿಯ ಫೋನು ಎರಡು ಸಲ ಬಂತು.
ಮೂರನೇ ಸಲಕ್ಕೆ ಎತ್ತಿ, ಇದ್ದದ್ದು ಇದ್ದಂಗೆ ಹೇಳಿದೆ.
ಯೋಚಿಸುತ್ತೇನೆ ಅಂದ.
ಯೋಚಿಸುವವರ ದನಿ ಹಾಗಿರುವುದಿಲ್ಲ.

ಹೊರಡುವಾಗ ಮಿಸ್ತ್ರಿ ಕೈ ಚಾಚಿದರು:
'ಕಂಪೌಂಡರ ನಲವತ್ತು ರೂಪಾಯಿ ಬಾಕಿ ಉಳಿಸ್ಯಾನ.'
ಕೊಟ್ಟೆ. ನೋಟನ್ನೂ ಹೆಬ್ಬೆರಳಿನಿಂದಲೇ
ತಿಕ್ಕಿ ನೋಡಿ ಮೊಳೆಯ ಮೇಲಿನ ಅಂಗಿಯ ಕಿಸೆಗಿಟ್ಟರು.

ಗಾಡಿ ಈಗ ನಮ್ಮ ಪಡಸಾಲೆಯಲ್ಲಿ,
ಜೋಳದ ಚೀಲಕ್ಕೆ ಒರಗಿಕೊಂಡು ನಿಂತಿದೆ.
ಮನೆಗೆ ಬಂದವರ ಬೆರಳು ಹಿಡಿದು
ನನ್ನ ಮಗಳು ಸೀಟಿನ ಕೆಳಗೆ ಒಯ್ಯುತ್ತಾಳೆ:
ಇಲ್ಲಿ ಕರೆಂಟು ಹೋಗಿತ್ತು,
ಇಲ್ಲಿ,
ಇನ್ನೊಂದು, ತಡೀರಿ, ಇಲ್ಲೇ ಎಲ್ಲೋ.